ನಾಲ್ಕು ಬಣ್ಣ ಸಾಕು

ಮುಂಬಯಿಯ ಹೊಸ ಕಟ್ಟಡಗಳಲ್ಲಿ ಯಾರ ಮನೆಗೆ ಹೋದರೂ ಗೋಡೆಯ ಬಣ್ಣ ಒಂದೇ: ಬಿಳಿ, ಇಲ್ಲವೇ ಬಿಸ್ಕತ್ತಿನ ಬಣ್ಣ. ಹಬ್ಬ ಬಂದರೆ ಪ್ಲಾಸ್ಟಿಕ್ ತೋರಣ, ಹೊಸ್ತಿಲಿಗೆ ಅಂಟಿಸುವ ರಂಗೋಲಿ. "ಆಂಟಿ, ಮನೆಗೆ ಏನಾದರೂ ಕೈಯಿಂದಲೇ ಮಾಡಬೇಕು ಅನ್ನಿಸುತ್ತದೆ, ಆದರೆ ಏನು ಮಾಡಬೇಕೋ ಹೊಳೆಯುವುದಿಲ್ಲ" ಎಂದು ನಮ್ಮ ಸಂಘದ ಹುಡುಗಿಯರು ಕೇಳುತ್ತಿರುತ್ತಾರೆ. ಹುಡುಗರೂ ಕೇಳುತ್ತಾರೆ, ಸ್ವಲ್ಪ ಮೆಲ್ಲಗೆ! ಮಕ್ಕಳೇ, ಬನ್ನಿ, ನಾವಿರುವ ಊರನ್ನೇ ಒಂದು ಸುತ್ತು ಹಾಕೋಣ. ಖರ್ಚು ಹೆಚ್ಚಿಲ್ಲ, ಲೋಕಲ್ ಟ್ರೈನಿನ ಟಿಕೆಟ್ಟು, ಹಸಿವಾದರೆ ಒಂದು ವಡಾಪಾವ್.

ಮೊದಲು ಮಾಟುಂಗಕ್ಕೆ. 1926ರಲ್ಲಿ ಹುಟ್ಟಿದ ಮೈಸೂರು ಅಸೋಸಿಯೇಶನ್ ಇರುವ ಪೇಟೆ ಎಂದು ನಿಮಗೆಲ್ಲ ಗೊತ್ತು. ಬೆಳಿಗ್ಗೆ ಅಲ್ಲಿನ ಹೂವಿನ ಅಂಗಡಿಗಳ ಮುಂದೆ ಹತ್ತು ನಿಮಿಷ ಸುಮ್ಮನೆ ನಿಂತುಕೊಳ್ಳಿ. ಮಾಲೆ ಕಟ್ಟುವವರ ಬೆರಳನ್ನು ನೋಡಿ. ನಾಲ್ಕು ಮಲ್ಲಿಗೆ, ಎರಡು ಕನಕಾಂಬರ, ನಡುವೆ ಒಂದೆಸಳು ಹಸಿರು ಮರುಗ. ಮತ್ತೆ ಅದೇ ಲೆಕ್ಕ. ಆ ಚೂರು ಹಸಿರು ತೆಗೆದುಬಿಟ್ಟರೆ ಕನಕಾಂಬರ ಮಂಕಾಗಿಬಿಡುತ್ತದೆ. ಒಂದು ಬಣ್ಣವನ್ನು ಎತ್ತಿ ತೋರಿಸುವುದು ಅದರ ಪಕ್ಕದ ಬಣ್ಣ. ಸೋಫಾದ ದಿಂಬಿಗೆ ಬಟ್ಟೆ ಆರಿಸುವಾಗ ಇಷ್ಟು ನೆನಪಿದ್ದರೆ ಸಾಕು.

ಅಲ್ಲಿಂದ ಧಾರಾವಿ ದೂರವಿಲ್ಲ. ತೊಂಬತ್ತು ಅಡಿ ರಸ್ತೆಯ ಕುಂಭಾರವಾಡಾದಲ್ಲಿ ಸೌರಾಷ್ಟ್ರದಿಂದ ಬಂದ ಕುಂಬಾರರ ಮನೆತನಗಳಿವೆ. ಮನೆಯೇ ಕಾರ್ಖಾನೆ, ಓಣಿಯೇ ಅಂಗಳ, ನಡುವೆ ಹೊಗೆಯಾಡುವ ಆವಿಗೆ. ದೀಪಾವಳಿಗೆ ಮುಂಚೆ ಹೋದರೆ ಹಣತೆಗಳ ರಾಶಿಯೇ ರಾಶಿ! ಬಣ್ಣ ಹಚ್ಚದ ಹಣತೆ, ಕುಡಿಕೆಗಳನ್ನು ಕೊಳ್ಳಿ, ಬಣ್ಣ ನಿಮ್ಮದಿರಲಿ. ಚೌಕಾಸಿಗೆ ಇಳಿಯುವ ಮುನ್ನ ಒಂದು ಹಣತೆ ಎಷ್ಟು ಕೈ ದಾಟಿ ಬಂದಿದೆ ಎಂದು ಒಮ್ಮೆ ನೋಡಿ. ಧಾರಾವಿಯ ಪುನರಭಿವೃದ್ಧಿ ಯೋಜನೆಯಿಂದ ಈ ಓಣಿಗಳ ರೂಪ ಬದಲಾಗಬಹುದು. ಆದ್ದರಿಂದ ನೋಡುವುದಿದ್ದರೆ ಮುಂದೂಡಬೇಡಿ.

ಮೂರನೆಯದು ಕ್ರಾಫರ್ಡ್ ಮಾರ್ಕೆಟ್, ಈಗಿನ ಮಹಾತ್ಮಾ ಜ್ಯೋತಿಬಾ ಫುಲೆ ಮಂಡಯಿ. 1869ರಲ್ಲಿ ಕಟ್ಟಿದ ಈ ಕಟ್ಟಡದೊಳಕ್ಕೆ ಎಲ್ಲರೂ ತಲೆ ತಗ್ಗಿಸಿ ನುಗ್ಗುತ್ತಾರೆ. ನೀವು ತಲೆ ಎತ್ತಿ ನೋಡಿ. ಬಾಗಿಲ ಮೇಲಿನ ಕಲ್ಲಿನ ಉಬ್ಬುಚಿತ್ರಗಳು ಜೆ.ಜೆ. ಕಲಾಶಾಲೆಯಲ್ಲಿ ಕಲಿಸುತ್ತಿದ್ದ ಲಾಕ್‌ವುಡ್ ಕಿಪ್ಲಿಂಗ್ ಅವರ ರಚನೆ. ಕಾಲೇಜಿನಲ್ಲಿ ಇಂಗ್ಲಿಷ್ ಓದಿದ ನನಗೆ ಮಗ ರುಡ್‌ಯಾರ್ಡ್ ಕಿಪ್ಲಿಂಗ್ ಗೊತ್ತಿದ್ದ. ಅಪ್ಪನ ಪರಿಚಯ ಮಾಡಿಸಿದ್ದು ತರಕಾರಿ ಚೀಲ! ಆತ ಕೆತ್ತಿಸಿದ್ದು ರಾಜರಾಣಿಯರನ್ನಲ್ಲ, ಈ ನೆಲದ ದುಡಿಯುವ ಜನರನ್ನು.

ಪಕ್ಕದಲ್ಲೇ ಮಂಗಳದಾಸ್ ಮಾರ್ಕೆಟ್, ಬಟ್ಟೆಯ ಸಾಗರ. ಅಲ್ಲಿ ಕಟ್‌ಪೀಸುಗಳನ್ನು ಕಂಡಾಗ ಉತ್ತರ ಕರ್ನಾಟಕದ ಕೌದಿಯನ್ನು ನೆನೆಯಿರಿ. ಮಹಾರಾಷ್ಟ್ರದವರ ಗೋಧಡಿ ಅದರ ಅಕ್ಕತಂಗಿ. ಅಜ್ಜಿಯ ಹಳೆ ಸೀರೆ, ಅಪ್ಪನ ಅಂಗಿ, ತೊಟ್ಟಿಲ ಬಟ್ಟೆ ಎಲ್ಲ ಸೇರಿ ಒಂದು ಹೊದಿಕೆ. ಉತ್ತರ ಕನ್ನಡದ ಸಿದ್ದಿ ಹೆಂಗಸರು ಕೌದಿಯ ನಾಲ್ಕು ಮೂಲೆಗೂ ಮುಕ್ಕೋನದ ಬಟ್ಟೆಯ 'ಹೂ' ಇಡುತ್ತಾರೆ. ಅದಿಲ್ಲದಿದ್ದರೆ ಕೌದಿ ಪೂರ್ತಿಯಾದಂತಲ್ಲ. ಚಳಿಗೆ ಆ ಹೂವಿನಿಂದ ಏನೂ ಉಪಯೋಗವಿಲ್ಲ, ಆದರೂ ಬೇಕು!

ಕೊನೆಯದು ಸ್ವಲ್ಪ ದೂರದ ಪಯಣ. 2013ರಿಂದ ಪಶ್ಚಿಮ ರೈಲ್ವೆಯ ಲೋಕಲ್ ಗಾಡಿ ಡಹಾಣೂ ರೋಡ್‌ವರೆಗೆ ಹೋಗುತ್ತದೆ. ಅದು ವಾರ್ಲಿ ಜನರ ಸೀಮೆ. ಕೆಮ್ಮಣ್ಣಿನ ಗೋಡೆ, ಅಕ್ಕಿಹಿಟ್ಟಿನ ಬಿಳಿ. ಮದುವೆಯ ಮನೆಯಲ್ಲಿ ಮುತ್ತೈದೆಯರು ಬರೆಯುತ್ತಿದ್ದ ಚಿತ್ರವದು. 1970ರ ದಶಕದಲ್ಲಿ ಅದು ಗೋಡೆಯಿಂದ ಕಾಗದಕ್ಕೆ ಇಳಿಯಿತು. ಡಹಾಣೂ ತಾಲೂಕಿನ ಜಿವ್ಯಾ ಸೋಮಾ ಮಶೆ ಅದನ್ನು ದೇಶವಿದೇಶಗಳಿಗೆ ಮುಟ್ಟಿಸಿದರು. 2011ರಲ್ಲಿ ಪದ್ಮಶ್ರೀ ಪಡೆದ ಅವರು 2018ರಲ್ಲಿ ತೀರಿಕೊಂಡರು. ಇಂದು ವಾರ್ಲಿ ಚಿತ್ರ ಚಹಾ ಕಪ್ಪಿನ ಮೇಲೂ ಇದೆ. ಯಂತ್ರ ಒತ್ತಿದ ಕಪ್ಪಿಗಿಂತ, ಬರೆದವರ ಕೈಯಿಂದಲೇ ಕೊಂಡ ಒಂದು ಪುಟ್ಟ ಚಿತ್ರ ನಿಮ್ಮ ಗೋಡೆಗೆ ಹೆಚ್ಚು ಶೋಭೆ.

ಆ ಗೋಡೆಗಳನ್ನು ನೋಡಿದಾಗ ಸಾಗರದ ಕಡೆಯವಳಾದ ನನ್ನ ಮನಸ್ಸು ಸೀದಾ ತವರಿಗೆ ಓಡಿತು. ನಮ್ಮ ಮಲೆನಾಡಿನ ದೀವರ ಮನೆಗಳ ಹಸೆ ಚಿತ್ತಾರಕ್ಕೂ ಅದೇ ಕೆಮ್ಮಣ್ಣು, ಅದೇ ಅಕ್ಕಿಯ ಬಿಳಿ. ಸುಟ್ಟ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ ಸೇರಿದರೆ ನಾಲ್ಕೇ ಬಣ್ಣ. ಪುಂಡಿ ನಾರಿನ ಕುಂಚ. ಎಳೆಯ ಮೇಲೆ ಎಳೆ, ಎಲ್ಲಕ್ಕೂ ಲೆಕ್ಕ. ತವರಿನ ಪಕ್ಕದ ಮನೆಯಲ್ಲಿ ಹಸೆ ಬರೆಯುತ್ತಿದ್ದ ಅಜ್ಜಿ ತೀರಿಕೊಂಡ ಮೇಲೆ ಮೊಮ್ಮಗಳ ಮದುವೆ ಬಂತು. ಗೋಡೆ ಇತ್ತು, ಅಕ್ಕಿ ಇತ್ತು, ಬರೆಯುವ ಕೈ ಇರಲಿಲ್ಲ. ಫ್ಲೆಕ್ಸ್ ಬೋರ್ಡು ಕಟ್ಟಿದರು. ಅಜ್ಜಿಯ ಲೆಕ್ಕವನ್ನು ಯಾರೂ ಬರೆದಿಟ್ಟುಕೊಂಡಿರಲಿಲ್ಲ. ಅದು ಅವರ ಜೊತೆಗೇ ಹೋಯಿತು.

ಊರಲ್ಲಿದ್ದವರಿಗೇ ಹೀಗಾದರೆ ಹೊರನಾಡಿನಲ್ಲಿ ಬೆಳೆದ ನಿಮ್ಮ ಗತಿ ಏನು ಎನ್ನಬೇಡಿ. ವಾರ್ಲಿ ಚಿತ್ರ ಗೋಡೆ ಬಿಟ್ಟು ಇಳಿದುದರಿಂದಲೇ ಇಷ್ಟು ದೂರ ಬಂತಲ್ಲವೇ? ನಿಮ್ಮ ಅಜ್ಜಿಯೋ ದೊಡ್ಡಮ್ಮನೋ ಊರಲ್ಲಿದ್ದರೆ ಈ ರಜೆಯಲ್ಲಿ ಕೇಳಿ: ಹಸೆಯಾಗಲಿ, ಧಾರವಾಡದ ಕಸೂತಿಯ ಗವಂತಿ, ಮುರಗಿ, ನೇಯ್ಗೆ, ಮೆಂತೆ ಹೊಲಿಗೆಗಳಾಗಲಿ, ಚುಕ್ಕಿ ರಂಗೋಲಿಯಾಗಲಿ, ಅವರ ಕೈಗೆ ಬರುವ ಒಂದೇ ಒಂದು ಕೆಲಸ. ಲೆಕ್ಕವನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ. ಕನ್ನಡ ಬರೆಯಲು ತಡವರಿಸುವವರು ಚುಕ್ಕಿ, ಗೆರೆ ಹಾಕಿಕೊಂಡರೂ ನಡೆದೀತು.

ಶುರು ಮಾಡಲು ಒಂದು ಸುಲಭದ ಕೆಲಸ ಹೇಳುತ್ತೇನೆ. ಮುಂಬಯಿಯಲ್ಲಿ ಮಸಾಲೆ ಹಾಲು ಕುಡಿಯುವ ಕೋಜಾಗಿರಿ ಇದೆಯಲ್ಲ, ಅದೇ ನಮ್ಮ ಭೂಮಿ ಹುಣ್ಣಿಮೆ. ಅಂದು ಮಲೆನಾಡಿನ ಹೆಂಗಸರು ಚಿತ್ತಾರ ಬರೆದ ಭೂಮಣ್ಣಿ ಬುಟ್ಟಿಯಲ್ಲಿ ಅಡುಗೆ ಇಟ್ಟುಕೊಂಡು ಗದ್ದೆಗೆ ಹೋಗಿ, ಬಸುರಿ ಭೂತಾಯಿಗೆ ಬಡಿಸುತ್ತಾರೆ. ದಾದರ್ ಪೇಟೆಯಿಂದ ಒಂದು ಬಿದಿರ ಬುಟ್ಟಿ ತನ್ನಿ. ಮರಾಠಿಯವರು ಗೇರೂ ಎನ್ನುವ ಕೆಮ್ಮಣ್ಣನ್ನು ಗಟ್ಟಿಯಾಗಿ ಕಲಸಿ ಎರಡು ಸಲ ಬಳಿದು ಒಣಗಿಸಿ. ನೆನೆದ ಅಕ್ಕಿಯನ್ನು ನುಣ್ಣಗೆ ಅರೆದು ತೆಳು ಬ್ರಶ್ಶಿನಿಂದ ಎಳೆ ಎಳೆಯಿರಿ. ಗೆರೆ ಮೊದಲು ಸೊಟ್ಟಗೇ ಬರುತ್ತದೆ. ಮೂರನೆಯ ಸಾಲಿಗೆ ಕೈ ಕುದುರುತ್ತದೆ. ಗದ್ದೆ ಇಲ್ಲವೆಂದರೆ ಗ್ಯಾಲರಿಯ ತುಳಸಿ ಕುಂಡದ ಮಣ್ಣೂ ಭೂಮಿಯೇ. ಬಿಸ್ಕತ್ತು ಬಣ್ಣದ ಗೋಡೆಯ ಮುಂದೆ ಆ ಬುಟ್ಟಿ ಇಟ್ಟು ನೋಡಿ, ಮನೆಗೆ ಬಂದವರು ಮೊದಲು ಅದನ್ನೇ ಕೇಳುತ್ತಾರೆ. ಆಗ ಅವರನ್ನೂ ಕೂರಿಸಿ ಒಂದು ಎಳೆ ಬರೆಸಿ.