ಕಾರವಾರದ ಕೊಲ್ಲಿಯಲ್ಲಿ

ತಿಪಟೂರಿನ ತೆಂಗಿನ ತೋಟಗಳ ನಡುವೆ ಅರವತ್ತು ವರ್ಷ ಕಳೆದ ನನಗೆ ಪ್ರಥಮ ಸಮುದ್ರದರ್ಶನವು ಲಭಿಸಿದುದು ಕಾರವಾರದಲ್ಲಿ. ಕೊಲ್ಲಿಯ ತೀರಕ್ಕೆ ರವೀಂದ್ರನಾಥ ಠಾಕೂರರ ಹೆಸರು. ೧೮೮೩ರಲ್ಲಿ, ನ್ಯಾಯಾಧೀಶರಾಗಿದ್ದ ಅಣ್ಣನ ಬಳಿಗೆ ಬಂದಿದ್ದ ಆ ತರುಣಕವಿಗಳು ಇಲ್ಲಿಯೇ ನಾಟಕವೊಂದನ್ನು ರಚಿಸಿದರು. ತೀರದಲ್ಲಿ ನಿಲ್ಲಿಸಿರುವ ಯುದ್ಧನೌಕೆಯ ಹೆಸರು ‘ಚಪಲ’. ನಿಂತುದು ಮಾತ್ರ ಅಚಲ!

ಅಲ್ಲಿಂದ ಕಾಳೀನದಿಗೆ ಹೋದೆವು. ನಾಲ್ವತ್ತು ವರ್ಷ ಭಾರ ಹೊತ್ತಿದ್ದ ಹಳೆಯ ಸೇತುವೆಯು ೨೦೨೪ರ ಆಗಸ್ಟ್ ೭ರ ನಡುರಾತ್ರಿಯಲ್ಲಿ ಕುಸಿದು, ಲಾರಿಯೊಂದು ನೀರಿಗೆ ಬಿದ್ದಿತ್ತು. ಚಾಲಕನನ್ನು ಜೀವಸಹಿತ ಮೇಲೆತ್ತಿದರು. ಪಕ್ಕದ ಹೊಸ ಸೇತುವೆಯನ್ನು ದಾಟುವಾಗ ನನ್ನಾಕೆಯು ನನ್ನ ಕೈ ಬಿಡಲಿಲ್ಲ. ಸದಾಶಿವಗಡದ ದಡ ಸೇರಿದೊಡನೆ, ಸಮುದ್ರರಾಜನಿಗೆಂದು ಊರಿನಿಂದ ತಂದಿದ್ದ ತೆಂಗಿನಕಾಯಿಯನ್ನು, ಆ ಕಾಣದ ಚಾಲಕನ ಆಯುಸ್ಸಿಗಾಗಿ ಹೊಳೆಗೆ ಅರ್ಪಿಸಿದಳು.