ಸಂತೆ ದಿನ ಬಂದ ವಿಮಾನ

ನಮ್ಮೂರ ಗ್ರಂಥಾಲಯದ ಗೋಡೆಗೆ ಹದಿನೈದು ದಿನಕ್ಕೊಮ್ಮೆ ನಾವು ಮೂವರು ಸೇರಿ ಒಂದು ಗೋಡೆ ಪತ್ರಿಕೆ ಅಂಟಿಸುತ್ತೇವೆ. ಪತ್ರಿಕೋದ್ಯಮ ಓದುವಾಗ ಕಾಲೇಜಿನಲ್ಲಿ ಅಂಟಿಕೊಂಡ ಚಟ. ಎರಡು ಡ್ರಾಯಿಂಗ್ ಶೀಟು, ನಾಲ್ಕು ಸ್ಕೆಚ್ ಪೆನ್ನು, ಒಂದು ಡಬ್ಬಿ ಗೋಂದು, ಇಷ್ಟೇ ಬಂಡವಾಳ. ಓದುವವರು ಶಾಲೆ ಮಕ್ಕಳು, ಪೇಪರ್ ನೋಡಲು ಬರುವ ಹಿರಿಯರು, ಮಳೆ ಬಂದರೆ ಒಳಗೆ ನಿಲ್ಲುವವರು.

ಹೋದ ತಿಂಗಳು ಆ ಗೋಡೆಯ ಮೇಲೆ ನಾವು ಒಂದು ತಪ್ಪು ಬರೆದೆವು. ಈ ಬರಹ ಆ ತಪ್ಪಿನ ಲೆಕ್ಕ ಒಪ್ಪಿಸುವುದಕ್ಕೆ.

ಶುರುವಾಗಿದ್ದು ಒಂದು ವಿಡಿಯೋದಿಂದ. ಏಳನೇ ಕ್ಲಾಸಿನ ಹುಡುಗನೊಬ್ಬ ಅವರಪ್ಪನ ಫೋನು ತಂದು, 'ಅಣ್ಣ, ಇದು ನೋಡಿ' ಅಂದ. ಸಮುದ್ರದಿಂದ ಒಂದು ವಿಮಾನವನ್ನು ಕ್ರೇನಿನಲ್ಲಿ ಮೇಲೆತ್ತುತ್ತಿದ್ದರು. ಮೈತುಂಬ ತುಕ್ಕು, ಚಿಪ್ಪು. ರೆಕ್ಕೆಯಿಂದ ನೀರು ಸುರಿಯುತ್ತಿತ್ತು. ಕೆಳಗೆ ಕನ್ನಡದಲ್ಲೇ ಬರೆದಿದ್ದರು: ಟಪಾಲು ಸಾಗಿಸಲು ಮಾಡಿದ ವಿಮಾನ ಯುದ್ಧಕ್ಕೆ ಹೋದ ಕಥೆ.

ನಮಗೆ ಖುಷಿಯಾಯಿತು. ಹಿಂದೆಲ್ಲೋ ಅದನ್ನೇ ಓದಿದ ನೆನಪೂ ಇತ್ತು. ಜರ್ಮನಿಯ ಡಾರ್ನಿಯರ್ ಕಂಪನಿ ಒಂದು ವೇಗದ ಟಪಾಲು ವಿಮಾನ ಮಾಡಿತಂತೆ. ಒಳಗೆ ಜಾಗ ಇಕ್ಕಟ್ಟು ಅಂತ ಲುಫ್ತಾನ್ಸಾ ವಿಮಾನ ಸಂಸ್ಥೆ ಬೇಡ ಅಂದಿತಂತೆ. ಮೂಲೆಗೆ ಬಿದ್ದಿದ್ದ ವಿಮಾನ ಯಾರದೋ ಕಣ್ಣಿಗೆ ಬಿದ್ದು ಬಾಂಬರ್ ಆಯಿತಂತೆ. ಈ 'ಅಂತೆ'ಗಳನ್ನೆಲ್ಲ ಕಿತ್ತು ಹಾಕಿ, ನಡೆದದ್ದೇ ಹೀಗೆ ಅನ್ನುವಂತೆ ಬರೆದೆವು. ತಲೆಬರಹ: 'ಅಂಚೆ ಹೊರಬೇಕಿದ್ದ ಹಕ್ಕಿ'.

ಅದನ್ನು ಎಲ್ಲರಿಗಿಂತ ಹೆಚ್ಚು ಮೆಚ್ಚಿದವರು ನಮ್ಮೂರಲ್ಲಿ ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಟಪಾಲು ಹಂಚಿ ನಿವೃತ್ತರಾದ ಹಿರಿಯರು. ಮಕ್ಕಳಿಗೆಲ್ಲ ಅವರು ಪೋಸ್ಟ್ ತಾತ. ಕನ್ನಡಕ ಮೇಲೆತ್ತಿ ಎರಡು ಸಲ ಓದಿದರು. ಸಂಜೆ ಟೀ ಅಂಗಡಿಯಲ್ಲಿ ನಾಲ್ಕು ಜನರಿಗೆ ಹೇಳಿದರು. 'ಪಾಪ, ಟಪಾಲು ಹೊರೋದನ್ನ ತಗೊಂಡೋಗಿ ಬಾಂಬ್ ಹೊರೋಕೆ ಹಚ್ಚಿದ್ರಲ್ಲಪ್ಪ' ಅಂತ ಅವರು ಮರುಗಿದ್ದನ್ನು ನಾವೇ ಕೇಳಿಸಿಕೊಂಡೆವು.

ವಾರ ಕಳೆದ ಮೇಲೆ ಅದೇ ಹುಡುಗ ಬಂದು ಕೇಳಿದ: 'ಅಕ್ಕ, ಆ ವಿಮಾನ ಎಷ್ಟು ಮಾಡಿದ್ರು? ಸಮುದ್ರದೊಳಗಿಂದ ತೆಗೆಯೋ ಅಷ್ಟು ಕಷ್ಟ ಯಾಕೆ ಬಿದ್ರು?' ಉತ್ತರ ಹುಡುಕಲು ಕೂತಾಗ ನಮ್ಮ ಟಪಾಲಿನ ಕಥೆಯ ಹೊಲಿಗೆ ಒಂದೊಂದೇ ಬಿಚ್ಚತೊಡಗಿತು.

ವಿಮಾನದ ಹೆಸರು ಡಾರ್ನಿಯರ್ ಡಿಒ 17. ಮೈ ಸಪೂರ, ಉದ್ದ. ಹಾಗಾಗಿ ಅದಕ್ಕೆ 'ಹಾರುವ ಪೆನ್ಸಿಲ್' ಅಂತ ಅಡ್ಡಹೆಸರು. ಮೊದಲ ಮಾದರಿ ಹಾರಿದ್ದು 1934ರ ನವೆಂಬರ್ 23ರಂದು.

ಆ ತಾರೀಖನ್ನು ಇನ್ನೊಂದರ ಪಕ್ಕ ಇಟ್ಟು ನೋಡಬೇಕು. ಮೊದಲ ಮಹಾಯುದ್ಧದಲ್ಲಿ ಸೋತ ಜರ್ಮನಿ 1919ರಲ್ಲಿ ವರ್ಸೇಲ್ಸ್ ಒಪ್ಪಂದಕ್ಕೆ ಸಹಿ ಹಾಕಿತ್ತು. ಆ ಪ್ರಕಾರ ಅದು ವಾಯುಸೇನೆ ಇಟ್ಟುಕೊಳ್ಳುವ ಹಾಗಿರಲಿಲ್ಲ. ತನಗೆ ವಾಯುಸೇನೆ ಇದೆ ಎಂದು ಹಿಟ್ಲರನ ಸರ್ಕಾರ ಬಹಿರಂಗವಾಗಿ ಹೇಳಿದ್ದು 1935ರಲ್ಲಿ. ಅಂದರೆ ಈ ವಿಮಾನದ ನಕ್ಷೆ ಬರೆಯುವಾಗ, ಅದು ಮೊದಲ ಸಲ ಹಾರುವಾಗ, ಬಾಂಬರ್ ಎಂಬ ಮಾತನ್ನೇ ಆಡುವಂತಿರಲಿಲ್ಲ. 1932ರಲ್ಲಿ, ಹಿಟ್ಲರ್ ಅಧಿಕಾರಕ್ಕೆ ಬರುವ ಮೊದಲೇ, ಇಂಥ ವಿಮಾನ ಬೇಕು ಎಂದು ವಿವರ ಕೊಟ್ಟು ಕೇಳಿದ್ದು ಜರ್ಮನ್ ಸೇನೆಯ ಶಸ್ತ್ರಾಸ್ತ್ರ ಇಲಾಖೆ. ಕಾಗದದ ಮೇಲೆ ಹಾಕಿದ ಹೆಸರು ಮಾತ್ರ ಟಪಾಲು, ಸರಕು, ಪ್ರಯಾಣಿಕರು. ಟಪಾಲು ಎಂಬುದು ಮೊದಲಿನಿಂದಲೂ ಹೊದಿಕೆ, ಒಳಗಿದ್ದದ್ದು ಬಾಂಬರ್ರೇ ಎಂದು ಈಗಿನ ಹಲವು ಇತಿಹಾಸಕಾರರು ಹೇಳುತ್ತಾರೆ.

ತೊಂಬತ್ತು ವರ್ಷದ ಹಿಂದೆ ಹೊದಿಸಿದ ಆ ಹೊದಿಕೆಯನ್ನು ನಾವು ಒಗೆದು, ಇಸ್ತ್ರಿ ಹಾಕಿ, ನಮ್ಮೂರ ಗೋಡೆಗೆ ನೇತುಹಾಕಿದ್ದೆವು.

ಮುಂದೆ ಓದಿದರೆ ಇನ್ನೊಂದು ಸಿಕ್ಕಿತು. 1937ರ ಜುಲೈನಲ್ಲಿ ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ ಅಂತರರಾಷ್ಟ್ರೀಯ ವಿಮಾನ ಮೇಳ ನಡೆಯಿತು. ಅಲ್ಲಿ ಜರ್ಮನರು ಒಂದು ಡಿಒ 17 ತಂದು ಓಡಿಸಿದರು. ಬೇರೆ ದೇಶಗಳು ತಂದಿದ್ದ ಯುದ್ಧವಿಮಾನಗಳಿಗೂ ಅದು ಸಿಗಲಿಲ್ಲ. ಈ ಬಾಂಬರನ್ನು ಹಿಡಿಯುವವರೇ ಇಲ್ಲ ಎಂದು ಯೂರೋಪಿನ ತುಂಬ ಸುದ್ದಿಯಾಯಿತು. ಆದರೆ ಅವತ್ತು ಓಡಿದ್ದು ಹೆಚ್ಚು ಶಕ್ತಿಯ ಎಂಜಿನ್ ಕೂರಿಸಿದ ಪ್ರದರ್ಶನದ ವಿಮಾನ. ಸೈನಿಕರ ಕೈಗೆ ಹೋದ ವಿಮಾನಗಳಲ್ಲಿ ಆ ಎಂಜಿನ್ ಇರಲಿಲ್ಲ. ಜಾತ್ರೆಯಲ್ಲಿ ಮೆರೆಸುವ ಎತ್ತಿಗೂ ಮನೆಯಲ್ಲಿ ನೇಗಿಲು ಎಳೆಯುವ ಎತ್ತಿಗೂ ಎಷ್ಟು ವ್ಯತ್ಯಾಸ ಅಂತ ನಿಮಗೆ ಹೇಳಬೇಕಾಗಿಲ್ಲ.

ಆ ಮೇಳಕ್ಕೆ ಮೂರು ತಿಂಗಳ ಹಿಂದೆ ಗೆರ್ನಿಕಾ ನಡೆದಿತ್ತು.

ಗೆರ್ನಿಕಾ ಸ್ಪೇನಿನ ಉತ್ತರದಲ್ಲಿರುವ ಬಾಸ್ಕ್ ಜನರ ಸಣ್ಣ ಪಟ್ಟಣ. ಸ್ಪೇನಿನಲ್ಲಿ ಆಗ ಅಂತರ್ಯುದ್ಧ. ದಂಗೆಯೆದ್ದ ಜನರಲ್ ಫ್ರಾಂಕೋನ ಕಡೆಗೆ ಹಿಟ್ಲರ್ 'ಕಾಂಡೋರ್ ಲೀಜನ್' ಎಂಬ ವಾಯುದಳ ಕಳಿಸಿದ್ದ. 1937ರ ಏಪ್ರಿಲ್ 26, ಸೋಮವಾರ. ಗೆರ್ನಿಕಾದಲ್ಲಿ ಸೋಮವಾರ ಸಂತೆ. ಸುತ್ತಲಿನ ಹಳ್ಳಿಯ ರೈತರು ಬಂದಿದ್ದರು. ಯುದ್ಧ ತಪ್ಪಿಸಿಕೊಂಡು ಬಂದ ನಿರಾಶ್ರಿತರೂ ತುಂಬಿದ್ದರು. ಮಧ್ಯಾಹ್ನ ಇಳಿಯುವ ಹೊತ್ತಿಗೆ ಶುರುವಾದ ದಾಳಿ ಮೂರು ತಾಸಿನ ಮೇಲೆ ನಡೆಯಿತು. ಹೆಚ್ಚಿನ ಬಾಂಬು ಹಾಕಿದ್ದು ಯುಂಕರ್ಸ್ ವಿಮಾನಗಳು. ಇಟಲಿಯ ಕೆಲವು ವಿಮಾನಗಳೂ ಇದ್ದವು. ಅವುಗಳ ಜೊತೆ ಒಂದು ಡಿಒ 17 ಕೂಡ ಇತ್ತು. ಮೊದಲ ಸರದಿಯಲ್ಲೇ ಬಂದು ಬಾಂಬು ಸುರಿಯಿತು.

ನಾವು ಮೂವರೂ ಸಂತೆಯ ಊರಿನವರು. ಸಂತೆ ದಿನ ಅಂದರೆ ಏನು ಅಂತ ನಮಗೆ ಗೊತ್ತು. ಇರುವ ಜನದ ಎರಡರಷ್ಟು, ಮೂರರಷ್ಟು ಜನ ಇರುತ್ತಾರೆ. ಮಕ್ಕಳು ಕಡಲೆಪುರಿಗೆ ಅಂತ ಬಂದಿರುತ್ತಾರೆ. ಅಜ್ಜಿಯರು ಎರಡು ಕಟ್ಟು ಸೊಪ್ಪು ಮಾರಲು ಬೆಳಗಿನಿಂದ ಕೂತಿರುತ್ತಾರೆ. ಗೆರ್ನಿಕಾದ ಸುದ್ದಿ ಓದಿದ ಮೇಲೆ ನಾವು ಸ್ವಲ್ಪ ಹೊತ್ತು ಸುಮ್ಮನೆ ಕೂತೆವು.

ಪಟ್ಟಣ ಸುಟ್ಟು ಹೋದ ಮೇಲೆ ಫ್ರಾಂಕೋನ ಕಡೆಯವರು ಏನು ಹೇಳಿದರು ಗೊತ್ತೇ? ನಾವು ಬಾಂಬು ಹಾಕಿಲ್ಲ, ಬಾಸ್ಕರೇ ಓಡಿಹೋಗುವಾಗ ತಮ್ಮ ಊರಿಗೆ ತಾವೇ ಬೆಂಕಿ ಇಟ್ಟರು ಅಂದರು. ಅದನ್ನು ನಂಬಿದ ಪತ್ರಿಕೆಗಳೂ ಇದ್ದವು.

ಆ ಮಾತು ನಿಲ್ಲದಂತೆ ಮಾಡಿದವನು ಒಬ್ಬ ವರದಿಗಾರ. ಹೆಸರು ಜಾರ್ಜ್ ಸ್ಟೀರ್. ದಕ್ಷಿಣ ಆಫ್ರಿಕಾದಲ್ಲಿ ಹುಟ್ಟಿದವನು, ಲಂಡನ್ನಿನ ದಿ ಟೈಮ್ಸ್ ಪತ್ರಿಕೆಗೆ ಬರೆಯುತ್ತಿದ್ದ. ದಾಳಿಯಾದ ರಾತ್ರಿಯೇ ಬಿಲ್ಬಾವೋದಿಂದ ಗೆರ್ನಿಕಾಕ್ಕೆ ಹೋದ. ಊರು ಇನ್ನೂ ಉರಿಯುತ್ತಿತ್ತು. ಬದುಕಿ ಉಳಿದವರನ್ನು ಮಾತಾಡಿಸಿದ. ಬೆಂಕಿ ಬಾಂಬುಗಳ ಕೊಳವೆಗಳನ್ನು ನೋಡಿ ಅವುಗಳ ಮೇಲಿದ್ದ ಜರ್ಮನಿಯ ಮುದ್ರೆಯನ್ನು ಗುರುತು ಮಾಡಿಕೊಂಡ. ಏಪ್ರಿಲ್ 28ರಂದು ವರದಿ ಅಚ್ಚಾಯಿತು. ಅದರಲ್ಲಿ ದೊಡ್ಡ ಮಾತುಗಳಿಲ್ಲ. ಎಷ್ಟು ಹೊತ್ತಿಗೆ, ಯಾವ ವಿಮಾನ, ಎಂಥ ಬಾಂಬು, ಜನ ಯಾವ ಕಡೆ ಓಡಿದರು, ಇಷ್ಟೇ. ಮುಂದೆ ಆತ ಬ್ರಿಟಿಷ್ ಸೇನೆ ಸೇರಿ, 1944ರ ಡಿಸೆಂಬರ್ 25ರಂದು ನಮ್ಮ ದೇಶದಲ್ಲೇ, ಬಂಗಾಳದಲ್ಲಿ ಜೀಪು ಅಪಘಾತದಲ್ಲಿ ತೀರಿಕೊಂಡ. ಪಿಕಾಸೋ ಬರೆದ ಗೆರ್ನಿಕಾ ಚಿತ್ರದ ಬಗ್ಗೆ ಕಾಲೇಜಿನಲ್ಲಿ ಪಾಠ ಕೇಳಿದ್ದೆವು. ಸ್ಟೀರ್‌ನ ಹೆಸರು ಕೇಳಿದ್ದು ಈಗಲೇ.

ಸತ್ತವರ ಲೆಕ್ಕವನ್ನೂ ಹೇಳಬೇಕು. ಬಾಸ್ಕ್ ಸರ್ಕಾರ ಆಗ 1,654 ಜನ ಅಂದಿತ್ತು. ಆಮೇಲೆ ಬಂದ ಇತಿಹಾಸಕಾರರು ಹಲವರು ಕೆಲವು ನೂರು ಅನ್ನುತ್ತಾರೆ. ಲೆಕ್ಕ ಇಳಿದರೆ ದಾಳಿ ಸುಳ್ಳಾಗುವುದಿಲ್ಲ. 1997ರಲ್ಲಿ, ಅರವತ್ತು ವರ್ಷ ಕಳೆದ ಮೇಲೆ, ಜರ್ಮನಿಯ ಅಧ್ಯಕ್ಷ ರೋಮನ್ ಹೆರ್ಜೋಗ್ ಬದುಕುಳಿದವರಿಗೆ ಪತ್ರ ಬರೆದು ಜರ್ಮನ್ ವಿಮಾನಗಳ ಪಾಲನ್ನು ಒಪ್ಪಿಕೊಂಡರು.

1939ರ ಸೆಪ್ಟೆಂಬರಿನಲ್ಲಿ ಜರ್ಮನಿ ಪೋಲೆಂಡಿನ ಮೇಲೆ ಬಿದ್ದಾಗ ಈ ಪೆನ್ಸಿಲ್ ವಿಮಾನ ಮುಂಚೂಣಿಯಲ್ಲಿತ್ತು. ಮರುವರ್ಷ ಫ್ರಾನ್ಸ್. ಎದುರಾಳಿಯ ವಿಮಾನಗಳು ಕಡಿಮೆ ಇದ್ದ ಕಡೆ, ತಗ್ಗಿನಲ್ಲಿ ಹಾರಿ ಹೊಡೆಯುವ ಕಡೆ ಅದು ಚೆನ್ನಾಗಿ ಕೆಲಸ ಮಾಡಿತು. ಬಣ್ಣ ಬಯಲಾದದ್ದು 1940ರ ಬೇಸಿಗೆಯಲ್ಲಿ, ಬ್ರಿಟನ್ನಿನ ಮೇಲೆ.

ಆಗ ಹಾರುತ್ತಿದ್ದ ಡಿಒ 17 ಝಡ್ ಮಾದರಿಯ ಗರಿಷ್ಠ ವೇಗ ಗಂಟೆಗೆ ಸುಮಾರು 410 ಕಿ.ಮೀ. ಬ್ರಿಟಿಷರ ಹರಿಕೇನ್ 500 ದಾಟುತ್ತಿತ್ತು. ಸ್ಪಿಟ್‌ಫೈರ್ 570ರ ಆಸುಪಾಸು. ಓಡಿ ತಪ್ಪಿಸಿಕೊಳ್ಳುತ್ತೇನೆ ಎಂದು ಹುಟ್ಟಿದ ವಿಮಾನಕ್ಕೆ ಓಡಲು ದಾರಿಯೇ ಇರಲಿಲ್ಲ. ಕೈಯಲ್ಲಿ ತಿರುಗಿಸುವ ಸಣ್ಣ ಮೆಷಿನ್ ಗನ್ನುಗಳು ಸಾಲುತ್ತಿರಲಿಲ್ಲ. ಹೊರುತ್ತಿದ್ದ ಬಾಂಬು ಹೆಚ್ಚೆಂದರೆ 1,000 ಕೆಜಿ. ನಾಲ್ಕು ಜನ ಸಿಬ್ಬಂದಿ ಮೂತಿಯ ಗಾಜಿನ ಗೂಡಿನಲ್ಲಿ ಒಬ್ಬರಿಗೊಬ್ಬರು ತಾಗಿಕೊಂಡು ಕೂರುತ್ತಿದ್ದರು. 1940ರಲ್ಲೇ ಅದರ ತಯಾರಿಕೆ ನಿಂತಿತು. ಅದರ ಜಾಗಕ್ಕೆ ಯುಂಕರ್ಸ್ 88 ಬಂತು.

ಇನ್ನೊಂದು ವಿಚಿತ್ರವಿದೆ. ಯುದ್ಧಕ್ಕೆ ಮೊದಲು ಜರ್ಮನಿ ಇದೇ ವಿಮಾನವನ್ನು ಯುಗೊಸ್ಲಾವಿಯಕ್ಕೆ ಮಾರಿತ್ತು, ಅಲ್ಲೇ ತಯಾರಿಸುವ ಪರವಾನಗಿಯನ್ನೂ ಕೊಟ್ಟಿತ್ತು. 1941ರ ಏಪ್ರಿಲ್‌ನಲ್ಲಿ ಜರ್ಮನಿ ಯುಗೊಸ್ಲಾವಿಯದ ಮೇಲೆಯೇ ದಾಳಿ ಮಾಡಿತು. ಬೆಲ್‌ಗ್ರೇಡಿನ ಮೇಲೆ ಜರ್ಮನರ ಡಾರ್ನಿಯರ್ ಬಾಂಬು ಹಾಕಿತು, ಜರ್ಮನ್ ಪಡೆಗಳ ಮೇಲೆ ಯುಗೊಸ್ಲಾವಿಯದ ಡಾರ್ನಿಯರ್ ಹಾರಿತು.

ಈಗ ಹುಡುಗನ ಪ್ರಶ್ನೆಗೆ ಬರೋಣ. ಮಾಡಿದ್ದು ಸುಮಾರು ಎರಡು ಸಾವಿರ. ಕೆಲವು ಯುದ್ಧದಲ್ಲಿ ಬಿದ್ದವು, ಉಳಿದವು ಗುಜರಿಗೆ ಹೋದವು. ಅಲ್ಯೂಮಿನಿಯಂ ಕರಗಿಸಿದರೆ ಮತ್ತೆ ಬಳಕೆಗೆ ಬರುತ್ತದಲ್ಲ. ಕೊನೆಗೆ ವಿಮಾನದ ರೂಪದಲ್ಲಿ ಒಂದೂ ಉಳಿದಿಲ್ಲ ಎಂದುಕೊಂಡಿದ್ದರು. ಅಷ್ಟರಲ್ಲಿ ಇಂಗ್ಲೆಂಡಿನ ಆಗ್ನೇಯ ಕಡಲಲ್ಲಿ, ಗುಡ್‌ವಿನ್ ಸ್ಯಾಂಡ್ಸ್ ಎಂಬ ಮರಳು ದಿಬ್ಬದ ಬಳಿ ಒಂದು ಸಿಕ್ಕಿತು. 1940ರ ಆಗಸ್ಟ್ 26ರಂದು ಬಿದ್ದದ್ದು ಎಂದು ಗುರುತಿಸಿದ್ದಾರೆ. ನಾಲ್ವರಲ್ಲಿ ಇಬ್ಬರು ಸತ್ತರು, ಇಬ್ಬರು ಸೆರೆ ಸಿಕ್ಕರು. ಬ್ರಿಟನ್ನಿನ ರಾಯಲ್ ಏರ್‌ಫೋರ್ಸ್ ಮ್ಯೂಸಿಯಂನವರು 2013ರ ಜೂನ್ 10ರಂದು ಅದನ್ನು ಮೇಲೆತ್ತಿದರು. ಹುಡುಗ ತಂದ ವಿಡಿಯೋ ಅದೇ. ಉಪ್ಪು ಲೋಹವನ್ನು ತಿನ್ನದಂತೆ ಕಾಸ್‌ಫರ್ಡ್ ಎಂಬಲ್ಲಿ ಅದರ ಮೇಲೆ ಸಿಟ್ರಿಕ್ ಆಸಿಡ್ ಬೆರೆಸಿದ ನೀರನ್ನು ತಿಂಗಳುಗಟ್ಟಲೆ ಚಿಮುಕಿಸಿದರು. ನಿಂಬೆಹಣ್ಣಿನ ಹುಳಿ ಇರುತ್ತದಲ್ಲ, ಅದೇ ಸಿಟ್ರಿಕ್ ಆಸಿಡ್. ನಮ್ಮಮ್ಮಂದಿರು ಹಿತ್ತಾಳೆ ಚೊಂಬು ತಿಕ್ಕುವುದೂ ಹುಳಿಯಲ್ಲೇ.

ಡಾರ್ನಿಯರ್ ಎಂಬ ಹೆಸರು ನಮಗೂ ಹೊಸದಲ್ಲ. ಅದೇ ಕಂಪನಿ ಬಹಳ ವರ್ಷದ ಮೇಲೆ ರೂಪಿಸಿದ ಡಾರ್ನಿಯರ್ 228 ಎಂಬ ಸಣ್ಣ ವಿಮಾನವನ್ನು, ಬೆಂಗಳೂರಿನಲ್ಲಿ ಮುಖ್ಯ ಕಚೇರಿ ಇರುವ ಎಚ್ಎಎಲ್ ತನ್ನ ಕಾನ್ಪುರದ ಕಾರ್ಖಾನೆಯಲ್ಲಿ ತಯಾರಿಸುತ್ತದೆ. ನಮ್ಮ ಕರಾವಳಿ ಕಾವಲು ಪಡೆ ಅದನ್ನು ಹಾರಿಸುತ್ತದೆ. ಚಂಡಮಾರುತದ ಮುನ್ನ ಮೀನುಗಾರರಿಗೆ ದಡಕ್ಕೆ ಮರಳಿ ಎಂದು ಹೇಳಲು ಹೋಗುವುದೂ ಅದೇ.

ಇಷ್ಟೆಲ್ಲ ತಿಳಿದ ಮೇಲೆ ಗೋಡೆಯ ಮೇಲಿನ ಶೀಟನ್ನು ಸದ್ದಿಲ್ಲದೆ ಕಿತ್ತು ಹೊಸದು ಅಂಟಿಸಬಹುದಿತ್ತು. ನಮ್ಮಲ್ಲೊಬ್ಬರು ಹಾಗೇ ಅಂದರು ಕೂಡ, 'ಯಾರು ನೆನಪಿಟ್ಟುಕೊಂಡಿರ್ತಾರೆ ಬಿಡಿ' ಅಂತ. ಆದರೆ ಪೋಸ್ಟ್ ತಾತ ನೆನಪಿಟ್ಟುಕೊಂಡಿದ್ದರು. ಹಳೆ ಶೀಟನ್ನು ಹಾಗೇ ಬಿಟ್ಟು, ಟಪಾಲಿನ ಸಾಲುಗಳ ಮೇಲೆ ಕೆಂಪು ಗೆರೆ ಎಳೆದು, ಪಕ್ಕದಲ್ಲಿ 'ನಾವು ಬರೆದದ್ದು ತಪ್ಪು' ಎಂದು ಬರೆದು, ಗೆರ್ನಿಕಾದ ಸಂಗತಿ ಸೇರಿಸಿದೆವು. ಆಮೇಲೆ ಅವರ ಮನೆಗೆ ಹೋದೆವು.

ಅವರು ಜಗುಲಿ ಮೇಲೆ ಕೂತಿದ್ದರು. ಎಲ್ಲ ಹೇಳಿದೆವು. ಬೈಯುತ್ತಾರೆ ಅಂದುಕೊಂಡಿದ್ದೆವು. ಅಡಿಕೆ ಪುಡಿ ಮಾಡುತ್ತಾ ಕೇಳಿ, ಕೊನೆಗೆ ಅಂದರು:

'ಅವರು ಟಪಾಲು ಅಂತಲೇ ಯಾಕೆ ಹೆಸರಿಟ್ರು ಹೇಳಿ ನೋಡೋಣ. ನಾನು ಸೈಕಲ್ ಬೆಲ್ ಹೊಡೆದ್ರೆ ಯಾರೂ ಬಾಗಿಲು ಹಾಕ್ಕೊಂಡಿದ್ದಿಲ್ಲ ಕಣ್ರಪ್ಪ. ಎಲ್ಲ ತೆಗೆದೇ ಬರೋರು.'

ನಮಗೆ ಏನೂ ಹೇಳಲು ತೋಚಲಿಲ್ಲ. ಅವರ ಮನೆಯವರು ಕಾಫಿ ಕೊಟ್ಟರು, ಕುಡಿದು ಎದ್ದೆವು.

ಮಾರನೇ ದಿನ ಹುಡುಗ ಹೊಸ ಶೀಟಿನ ಮುಂದೆ ನಿಂತು ಬೆರಳಿಟ್ಟು ಓದುತ್ತಿದ್ದ. ಗೆರ್ನಿಕಾದ ಹತ್ತಿರ ಬೆರಳು ನಿಂತಿತು. 'ಅಕ್ಕ, ಸಂತೆಗೆ ಕುರಿನೂ ಹೊಡ್ಕೊಂಡು ಬಂದಿದ್ರಾ?' ಅಂತ ಕೇಳಿದ. ಅವರ ಮನೆಯಲ್ಲಿ ಕುರಿ ಇವೆ. ಸ್ಟೀರ್‌ನ ವರದಿಯಲ್ಲಿ ಕುರಿಗಳ ಮಾತೂ ಇದೆ ಎಂದೆವು. ಅವನು ಅಪ್ಪನ ಫೋನು ತೆಗೆದು ಆ ಶೀಟಿನ ಫೋಟೋ ಹಿಡಿದು, ವಿಡಿಯೋ ಬಂದಿದ್ದ ಗುಂಪಿಗೇ ಹಾಕಿದ. ಕೆಂಪು ಗೆರೆಯೂ ಫೋಟೋದಲ್ಲಿ ಚೆನ್ನಾಗಿ ಕಾಣುತ್ತಿತ್ತು.