ಕೋಡಿ ಬೀಳುವ ಮುನ್ನ

'ಉಜ್ಜೀವನ' ಎಂಬ ಮಾತು ನಮ್ಮ ಸಭೆಗಳಲ್ಲಿ ಆಗಾಗ ಕೇಳಿಬರುತ್ತದೆ. ಬೇಸಿಗೆ ಬಂತೆಂದರೆ ಅಲ್ಲಲ್ಲಿ ಮೂರು ದಿನಗಳ ಉಜ್ಜೀವನ ಕೂಟಗಳು ಏರ್ಪಡುತ್ತವೆ. ಶಾಮಿಯಾನ ಏಳುತ್ತದೆ, ದೂರದ ಊರುಗಳಿಂದ ಪ್ರಸಂಗಿಗಳು ಬರುತ್ತಾರೆ, ಹಾಡಿನ ಧ್ವನಿ ಬೀದಿಯ ಕೊನೆಯವರೆಗೂ ಮುಟ್ಟುತ್ತದೆ. ಅಂಥ ಕೂಟಗಳನ್ನು ಹಗುರವಾಗಿ ಕಾಣುವುದು ನನ್ನ ಉದ್ದೇಶವಲ್ಲ. ಅಲ್ಲಿ ಕಣ್ಣೀರಿಟ್ಟು ಕುಡಿತ ಬಿಟ್ಟವರನ್ನು ನಾನು ಬಲ್ಲೆ. ಆದರೆ ನಾಲ್ಕನೆಯ ದಿನ ಶಾಮಿಯಾನ ಬಿಚ್ಚಿದ ಮೇಲೆ ನಮ್ಮ ಮನೆಗಳಲ್ಲಿ ಉಳಿಯುವುದೇನು? ಈ ಪ್ರಶ್ನೆಯನ್ನು ನಿಮ್ಮ ಮುಂದಿಟ್ಟು, ನಮಗಿಂತ ಮುಂಚೆ ನಡೆದು ಹೋದ ಕೆಲವು ಸೇವಕರ ಬಾಳಿನಲ್ಲಿ ಅದಕ್ಕೆ ಉತ್ತರ ಹುಡುಕಲು ಬಯಸುತ್ತೇನೆ.

ಮದಕರಿಪುರದಲ್ಲಿ ನೆಲೆಸಿರುವ ನಾನು ಬರದ ಸೀಮೆಯವನು. ಮಳೆ ಬಂದರಷ್ಟೇ ಸಾಲದು, ಬಂದ ನೀರನ್ನು ನಿಲ್ಲಿಸಿಕೊಳ್ಳಲು ಏರಿ ಗಟ್ಟಿಯಾಗಿರಬೇಕು ಎಂಬುದು ಚಿತ್ರದುರ್ಗ ಸೀಮೆಯ ಮಕ್ಕಳಿಗೂ ಗೊತ್ತಿರುವ ಮಾತು. ಹಿರಿಯೂರಿನ ಸಮೀಪ ಮಾರಿಕಣಿವೆಯಲ್ಲಿ ವೇದಾವತಿ ನದಿಗೆ ಅಡ್ಡಲಾಗಿ ಕಟ್ಟಿದ ವಾಣಿವಿಲಾಸ ಸಾಗರವು 1907ರಲ್ಲಿ ಪೂರ್ಣಗೊಂಡಿತು. 1933ರಲ್ಲಿ ಕೋಡಿ ಬಿದ್ದ ಆ ಜಲಾಶಯ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ನಡುವೆ 89 ವರ್ಷಗಳು ಸಂದವು. ಅಷ್ಟು ಕಾಲ ಕೋಡಿ ಬೀಳಲಿಲ್ಲವೆಂದು ಯಾರಾದರೂ ಕಟ್ಟೆಯನ್ನು ಪಾಳು ಬಿಟ್ಟಿದ್ದರೆ 2022ರ ಮಳೆ ಹರಿದು ಹೋಗುತ್ತಿತ್ತು. ಮಳೆ ದೇವರ ಕೈಯಲ್ಲಿದೆ. ಕಟ್ಟೆಯನ್ನು ಕಾಯುವ ಕೆಲಸ ಮಾತ್ರ ನಮ್ಮ ಪಾಲಿನದು.

ನಮ್ಮ ಊರಿನ ಬುಧವಾರದ ಪ್ರಾರ್ಥನಾ ಕೂಟಕ್ಕೆ ಈಗ ಎಂಟೋ ಒಂಬತ್ತೋ ಮಂದಿ ಬರುತ್ತೇವೆ. ಹೆಚ್ಚಿನವರು ತಲೆ ನರೆತವರು. ಮಕ್ಕಳು ಬೆಂಗಳೂರಿನಲ್ಲಿದ್ದಾರೆ, ಮೊಮ್ಮಕ್ಕಳಿಗೆ ಕನ್ನಡ ಬೈಬಲನ್ನು ಓದಲು ಬರುವುದಿಲ್ಲ. ಕಳೆದ ವರ್ಷ ರಜೆಗೆ ಬಂದಿದ್ದ ಯುವಕನೊಬ್ಬ, "ಮೇಷ್ಟ್ರೇ, ಮೊಬೈಲಿನಲ್ಲೇ ಎಷ್ಟು ಒಳ್ಳೆಯ ಪ್ರಸಂಗಗಳು ಸಿಗುತ್ತವೆ. ಈ ಎಂಟು ಜನರ ಕೂಟಕ್ಕೆ ಏಕೆ ಬರಬೇಕು?" ಎಂದು ಕೇಳಿದ. ಅವನು ಗೇಲಿ ಮಾಡಿ ಕೇಳಿದ್ದಲ್ಲ, ಆದ್ದರಿಂದ ಆ ಪ್ರಶ್ನೆ ನನ್ನೊಳಗೆ ಉಳಿಯಿತು.

ಮೊದಲು ಇಂಗ್ಲೆಂಡಿನ ಹದಿನೆಂಟನೆಯ ಶತಮಾನದ ಉಜ್ಜೀವನವನ್ನು ನೆನೆಯೋಣ. 1739ರಲ್ಲಿ ಜಾರ್ಜ್ ವಿಟ್‌ಫೀಲ್ಡ್‌ರವರು ಬ್ರಿಸ್ಟಲ್ ಪಟ್ಟಣದ ಸಮೀಪ, ಕಿಂಗ್ಸ್‌ವುಡ್‌ನ ಕಲ್ಲಿದ್ದಲ ಗಣಿಯ ಕೂಲಿಗಾರರಿಗೆ ಬಯಲಿನಲ್ಲಿ ನಿಂತು ಸುವಾರ್ತೆಯನ್ನು ಸಾರಿದರು. ಅವರ ಕರೆಗೆ ಓಗೊಟ್ಟು ಜಾನ್ ವೆಸ್ಲಿಯವರೂ ಬಯಲಿಗಿಳಿದರು. ಜನ ಸಾವಿರಾರು ಸಂಖ್ಯೆಯಲ್ಲಿ ಕೂಡಿದರು. ಮಾತಿನ ಶಕ್ತಿಯಲ್ಲಿ ವಿಟ್‌ಫೀಲ್ಡ್‌ರವರೇ ಮಿಗಿಲೆಂದು ಹೇಳುವವರುಂಟು. ಆದರೆ ಕೇಳಿದವರನ್ನು ಕೂಡಿಸಿ ಕಟ್ಟಿದವರು ವೆಸ್ಲಿಯವರು.

ಆ ಕಟ್ಟುವ ಕೆಲಸ ಆರಂಭವಾದ ಬಗೆ ಕುತೂಹಲಕರವಾಗಿದೆ. 1742ರಲ್ಲಿ ಬ್ರಿಸ್ಟಲ್‌ನ ಪ್ರಾರ್ಥನಾ ಮಂದಿರದ ಮೇಲೆ ಸಾಲವಿತ್ತು. ಹನ್ನೆರಡು ಮಂದಿಗೆ ಒಬ್ಬ ಮುಂದಾಳಿನಂತೆ ಗೊತ್ತುಮಾಡಿ, ತಲೆಗೆ ವಾರಕ್ಕೊಂದು ಪೆನ್ನಿ ಕೂಡಿಸುವ ಏರ್ಪಾಡಾಯಿತು. ಕಾಸು ಕೇಳಲು ಮನೆಮನೆಗೆ ಹೋದ ಮುಂದಾಳುಗಳು ತಾವು ಭಜನೆಯಲ್ಲಿ ಕಾಣದಿದ್ದುದನ್ನು ಅಲ್ಲಿ ಕಂಡರು. ವಿಶ್ವಾಸದಲ್ಲಿ ಎಡವಿದವರಿದ್ದರು, ನಡತೆ ಕೆಟ್ಟವರಿದ್ದರು. ಸಾಲ ತೀರಿಸಲು ಹುಟ್ಟಿದ ಆ ಸಣ್ಣ ಗುಂಪುಗಳು ಒಬ್ಬರನ್ನೊಬ್ಬರು ವಿಚಾರಿಸಿಕೊಳ್ಳುವ, ಎಚ್ಚರಿಸುವ, ಸಂತೈಸುವ ಕೂಟಗಳಾದವು. 1791ರಲ್ಲಿ ವೆಸ್ಲಿಯವರು ತೀರಿಕೊಂಡ ಮೇಲೂ ಅವು ನಿಂತವು. ಆ ಯುವಕನಿಗೆ ನಾನು ಕೊಡುವ ಮೊದಲ ಉತ್ತರ ಇದೇ. ಮೊಬೈಲಿನ ಪ್ರಸಂಗಿಯ ಮಾತು ಚೆನ್ನಾಗಿರಬಹುದು, ಆದರೆ "ಹೋದ ವಾರ ನೀನೇಕೆ ಬರಲಿಲ್ಲ, ಮನೆಯಲ್ಲಿ ಎಲ್ಲರೂ ಕ್ಷೇಮವೇ?" ಎಂದು ಅವರು ಕೇಳಲಾರರು. ಎಂಟು ಮಂದಿಯ ಕೂಟ ಕೇಳುತ್ತದೆ.

ವೆಸ್ಲಿಯವರ ಪರಂಪರೆಯವರು ನಮ್ಮ ನಾಡಿಗೂ ಬಂದರು. ತುಮಕೂರಿನ ಬಳಿಯ ಗುಬ್ಬಿಯಲ್ಲಿ 1837ರಲ್ಲಿ ಥಾಮಸ್ ಹಾಡ್ಸನ್‌ರವರು ಸೇವೆಯನ್ನು ಆರಂಭಿಸಿದರು. 1839ರಲ್ಲಿ ಹೊರಟ, ಐರ್ಲೆಂಡ್ ಮೂಲದ ವಿಲಿಯಂ ಆರ್ಥರ್ ಎಂಬ ಇಪ್ಪತ್ತರ ತರುಣನೂ ಅಲ್ಲಿಗೆ ಬಂದು ಸೇರಿದನು. ಕನ್ನಡ ಕಲಿತು, ಊರೂರು ತಿರುಗಿ ಬೋಧಿಸುವ ಹಂಬಲ ಅವನದು. ಆದರೆ ಆರೋಗ್ಯ ಕೆಟ್ಟಿತು, ಕಣ್ಣುಗಳು ಮಂಜಾದವು, 1841ರಲ್ಲಿ ಅವನು ತಾಯ್ನಾಡಿಗೆ ಹಿಂದಿರುಗಬೇಕಾಯಿತು. ಲೋಕದ ಲೆಕ್ಕದಲ್ಲಿ ಇದು ಸೋಲೇ ಸರಿ.

ಆದರೆ ಅದೇ ಆರ್ಥರ್‌ರವರು 1856ರಲ್ಲಿ 'ಬೆಂಕಿಯ ನಾಲಗೆ' ಎಂಬ ಅರ್ಥದ ಹೆಸರಿನ ಇಂಗ್ಲಿಷ್ ಗ್ರಂಥವೊಂದನ್ನು ಪ್ರಕಟಿಸಿದರು. ಪವಿತ್ರಾತ್ಮನ ಬಲವನ್ನು ಕುರಿತ ಆ ಗ್ರಂಥ ಮುಂದೆ ಹಲವು ದೇಶಗಳ ಸಭೆಗಳನ್ನು ಎಚ್ಚರಿಸಿತು. ಅದರಲ್ಲಿ ಅವರು ಒತ್ತಿ ಹೇಳುವ ಸಂಗತಿಗಳಲ್ಲಿ ಒಂದು, ಶಿಷ್ಯರು ಕಾದದ್ದು. ಕರ್ತನು ಪರಲೋಕಕ್ಕೆ ಏರಿಹೋದ ಮೇಲೆ ಪಂಚಾಶತ್ತಮ ದಿನದವರೆಗೆ ಹತ್ತು ದಿನಗಳು ಯಾವ ಅದ್ಭುತವೂ ಇರಲಿಲ್ಲ. ಸುಮಾರು ನೂರಿಪ್ಪತ್ತು ಮಂದಿ ಒಂದೇ ಮನಸ್ಸಿನಿಂದ ಪ್ರಾರ್ಥನೆಯಲ್ಲಿ ನಿರತರಾಗಿದ್ದರಷ್ಟೆ. ಏನೂ ಕಾಣದ ದಿನಗಳಲ್ಲಿಯೂ ಪ್ರಾರ್ಥನೆಯನ್ನು ಕೈಬಿಡದಿರುವುದು ಉಜ್ಜೀವನದ ಮೊದಲ ಹೆಜ್ಜೆ.

ನಮ್ಮ ಜಿಲ್ಲೆಯ ಉತ್ತರಕ್ಕಿರುವ ಬಳ್ಳಾರಿಯ ಕಡೆ ನೋಡಿದರೆ ಇನ್ನೊಂದು ಪಾಠ ಸಿಗುತ್ತದೆ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್‌ರವರು 1810ರಲ್ಲಿ ಅಲ್ಲಿಗೆ ಬಂದರು. ಸ್ಥಳೀಯರಿಂದ ಕನ್ನಡ ಕಲಿತು ವೇದಪುಸ್ತಕವನ್ನು ಭಾಷಾಂತರಿಸತೊಡಗಿದರು. ಕನ್ನಡದ ಸಂಪೂರ್ಣ ಬೈಬಲ್ ಅಚ್ಚಾಗಿ ಮುಗಿದದ್ದು 1831ರ ಸುಮಾರಿಗೆ. ಎರಡು ದಶಕಗಳ ದುಡಿಮೆಯ ಫಲವದು. ನಮ್ಮ ಭಾಷೆಯಲ್ಲಿ ದೇವರ ವಾಕ್ಯ ಓದಲಿಕ್ಕಾಗಲೆಂದು ಪರದೇಶದವರೊಬ್ಬರು ಇಪ್ಪತ್ತು ವರ್ಷ ಶ್ರಮಿಸಿದರು. ಅದೇ ವಾಕ್ಯವನ್ನು ನಮ್ಮ ಮೊಮ್ಮಕ್ಕಳಿಗೆ ಓದಲು ಕಲಿಸುವುದಕ್ಕೆ ನಾವು ದಿನಕ್ಕೆ ಇಪ್ಪತ್ತು ನಿಮಿಷ ಕೊಡಲಾರೆವೇ?

ಕೊನೆಯದಾಗಿ ಒಬ್ಬ ಸಹೋದರಿಯ ಮಾತು. ಪಂಡಿತಾ ರಮಾಬಾಯಿಯವರು 1858ರಲ್ಲಿ ಜನಿಸಿದ್ದು ನಮ್ಮ ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ. ಬರಗಾಲದಲ್ಲಿ ತಂದೆತಾಯಿಗಳನ್ನು ಕಳೆದುಕೊಂಡ ಅವರು ಹಸಿವೆಂದರೇನೆಂದು ಬಲ್ಲವರಾಗಿದ್ದರು. 1896–97ರ ಕ್ಷಾಮದಲ್ಲಿ ದಿಕ್ಕಿಲ್ಲದ ನೂರಾರು ಹೆಣ್ಣುಮಕ್ಕಳನ್ನು ಕರೆತಂದು ಪುಣೆಯ ಬಳಿಯ ಕೇಡಗಾಂವ್‌ನ ಮುಕ್ತಿ ಆಶ್ರಮದಲ್ಲಿ ಸಾಕಿದರು. ಅಕ್ಷರವನ್ನೂ ಕೈಕಸುಬನ್ನೂ ಕಲಿಸಿದರು. 1905ರ ಆರಂಭದಲ್ಲಿ ಅವರು ಪ್ರತಿದಿನದ ವಿಶೇಷ ಪ್ರಾರ್ಥನೆಗೆ ಕರೆಯಿತ್ತಾಗ 70 ಮಂದಿ ಮುಂದೆ ಬಂದರು. ಆ ಸಂಖ್ಯೆ 550ಕ್ಕೆ ಬೆಳೆಯಿತು. ಅದೇ ವರ್ಷದ ಜೂನ್ ತಿಂಗಳಲ್ಲಿ ಮುಕ್ತಿಯಲ್ಲಿ ಉಜ್ಜೀವನದ ಬೆಂಕಿ ಹೊತ್ತಿತು.

ಇಲ್ಲಿಯ ಕ್ರಮವನ್ನು ಗಮನಿಸಿರಿ. ಅನ್ನ, ಅಕ್ಷರ, ಆಶ್ರಯ ಮೊದಲು ಬಂದವು. ಪ್ರಾರ್ಥನೆ ಅವುಗಳ ಜೊತೆಯಲ್ಲಿಯೇ ಬೆಳೆಯಿತು. ಉಜ್ಜೀವನ ಬಂದ ಮೇಲೂ ರಮಾಬಾಯಿಯವರು ಕೆಲಸ ನಿಲ್ಲಿಸಲಿಲ್ಲ. ಹೀಬ್ರೂ, ಗ್ರೀಕ್ ಭಾಷೆಗಳನ್ನು ಕಲಿತು, 1922ರಲ್ಲಿ ಕಣ್ಣುಮುಚ್ಚುವ ತನಕ ಮರಾಠಿ ಬೈಬಲಿನ ಭಾಷಾಂತರದಲ್ಲಿ ತೊಡಗಿದ್ದರು. ನೆರೆಯ ಮನೆಯ ಹಸಿವನ್ನು ಕಾಣದ ಉಜ್ಜೀವನ ಬರಿಯ ಸದ್ದು. ಆ ಮನೆ ನಮ್ಮ ಮತದವರದೇ ಆಗಿರಬೇಕೆಂದೂ ಇಲ್ಲ.

ಪ್ರಿಯರೇ, ಈ ಹಿರಿಯರನ್ನು ಹೊಗಳಿ ಸುಮ್ಮನಾಗುವುದು ಸುಲಭ. ಆದಿಕಾಂಡದ 26ನೆಯ ಅಧ್ಯಾಯದಲ್ಲಿ ಇಸಾಕನ ಬಾವಿಗಳ ಕಥೆಯಿದೆ. ತಂದೆಯಾದ ಅಬ್ರಹಾಮನ ಕಾಲದ ಬಾವಿಗಳನ್ನು ಫಿಲಿಷ್ಟಿಯರು ಮಣ್ಣು ಹಾಕಿ ಮುಚ್ಚಿದ್ದರು. ಇಸಾಕನು ತಂದೆಯ ಕಾಲವನ್ನು ನೆನೆದು ನಿಟ್ಟುಸಿರುಬಿಟ್ಟು ಕೂರಲಿಲ್ಲ, ಅವುಗಳನ್ನು ಮತ್ತೆ ತೋಡಿಸಿದನು. ಅಷ್ಟಕ್ಕೇ ನಿಲ್ಲದೆ, ಜಗಳಗಳನ್ನು ಸಹಿಸಿಕೊಂಡು ಹೊಸ ಬಾವಿಗಳನ್ನೂ ತೋಡಿಸಿದನು. ನಮ್ಮ ಬಾವಿಗಳನ್ನು ಮುಚ್ಚಲು ಫಿಲಿಷ್ಟಿಯರೇ ಬರಬೇಕಾಗಿಲ್ಲ. ಸಂಜೆಯ ಪ್ರಾರ್ಥನೆಯ ವೇಳೆಗೆ ನಡುಮನೆಯಲ್ಲಿ ಉರಿಯುವ ಟಿ.ವಿ. ಸಾಕು, ಸಭೆಯೊಳಗಿನ ಹಳೆಯ ಮನಸ್ತಾಪಗಳು ಸಾಕು.

ಆದ್ದರಿಂದ ಮುಂದಿನ ಉಜ್ಜೀವನ ಕೂಟದ ಪ್ರಕಟಣೆಗೆ ಕಾಯದೆ ಈ ವಾರವೇ ಒಂದು ಬುಟ್ಟಿ ಮಣ್ಣು ತೆಗೆಯೋಣ. ಒಂದು ಮನೆಯಲ್ಲಿ ನಿಂತುಹೋದ ಕುಟುಂಬ ಪ್ರಾರ್ಥನೆ ಮತ್ತೆ ಆರಂಭವಾಗಲಿ. ಒಂದು ಮಗು ಕನ್ನಡದಲ್ಲಿ ಒಂದು ವಾಕ್ಯವನ್ನು ತಾನೇ ಓದಲಿ. ಮೂರು ಭಾನುವಾರ ದೇವಾಲಯದಲ್ಲಿ ಕಾಣದವರ ಮನೆಗೆ ಯಾರಾದರೂ ಒಬ್ಬರು ಹೋಗಿಬರಲಿ. ಹೊಸದುರ್ಗದಲ್ಲಾಗಲಿ ಹೊಳಲ್ಕೆರೆಯಲ್ಲಾಗಲಿ, ಎಂಟೇ ಮಂದಿ ಕೂಡುವ ಕೂಟವಿದ್ದರೆ ನೀವು ಒಂಬತ್ತನೆಯವರಾಗಿ ಹೋಗಿ ಕುಳಿತುಕೊಳ್ಳಿರಿ. ಕೋಡಿ ಬೀಳುವ ದಿನವನ್ನು ನಾವು ಕಣ್ಣಾರೆ ಕಾಣುವೆವೋ ಇಲ್ಲವೋ, ಅದು ಕರ್ತನ ಚಿತ್ತ. ನಮ್ಮ ಕಾಲದಲ್ಲಿ ಕಟ್ಟೆ ಒಡೆಯಿತೆಂದು ಮಾತ್ರ ಮೊಮ್ಮಕ್ಕಳು ಹೇಳದಿರಲಿ.